ಹದ್ದು, ನಿಂಬೆ ಚಿಟ್ಟೆ ಮತ್ತು ಆರನೆಯ ಸಾಲು

ಮಾರ್ಚ್ ೧೪, ಮಂಗಳವಾರ
ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ನಿನ್ನ ಪತ್ರ ಬಂದು ಏಳು ವಾರವಾಯಿತು. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ ಆಮೇಲೆ ಮುಂದೆ ಓದು. ತಡವಾದದ್ದಕ್ಕೆ ಕಾರಣ ಕೊಡೋಣವೆಂದರೆ ಒಂದೂ ನೆಟ್ಟಗೆ ನಿಲ್ಲುತ್ತಿಲ್ಲ. ಕೆಲಸವಿತ್ತು ಎಂದರೆ, ನನಗೆ ಕೆಲಸ ಯಾವಾಗ ಇರಲಿಲ್ಲ? ಹುಷಾರಿರಲಿಲ್ಲ ಎಂದರೆ, ಗುಂಡುಕಲ್ಲಿನ ಹಾಗಿದ್ದೇನೆ. ನಾಲ್ಕೈದು ಸಲ ಬರೆಯಲು ಕೂತೆ, ಪ್ರತಿ ಸಲವೂ 'ಪ್ರೀತಿಯ ಅಕ್ಕನಿಗೆ' ಎನ್ನುವಲ್ಲಿಗೆ ಬಂದು ಪೆನ್ನು ಮುಷ್ಕರ ಹೂಡಿತು. ಇವತ್ತು ವಸ್ತುಸಂಗ್ರಹಾಲಯಕ್ಕೆ ವಾರದ ರಜೆ. ಲೇಬಲ್ ಕೋಣೆಯ ಬೀಗ ತೆಗೆಸಿಕೊಂಡು ಒಬ್ಬಳೇ ಕೂತಿದ್ದೇನೆ. ಬರೆದು ಮುಗಿಸದೆ ಏಳಬಾರದೆಂದು ನನಗೆ ನಾನೇ ತಾಕೀತು ಮಾಡಿಕೊಂಡಿದ್ದೇನೆ.

ಭಾವನವರ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ವೈದ್ಯರು ಹೇಳಿದ ಮೇಲೂ ನೀರಿನ ತೊಟ್ಟಿ ನೋಡಲು ದಿನಾ ತಾರಸಿಗೆ ಹೋಗುತ್ತಾರೆ ಎಂದು ಬರೆದಿದ್ದೀಯ. ಅವರಿಗೆ ಹೇಳು, ಅವರು ಹೋಗಿ ನೋಡಿದ ಮಾತ್ರಕ್ಕೆ ತೊಟ್ಟಿ ತುಂಬುವುದಿಲ್ಲ.

ನೀನು ಕೇಳಿದ್ದು ಒಂದೇ ಪ್ರಶ್ನೆ. ನಮ್ಮ ಸಾಸಿವೆ ಮುಂದಿನ ಓದಿಗೆ ಅರ್ಜಿ ಹಾಕಬೇಕು, ಅದಕ್ಕೆ ಜನನ ಪತ್ರ ಬೇಕು. ಇಷ್ಟು ವರ್ಷ ಅವಳ ಕಾಗದಪತ್ರವನ್ನೆಲ್ಲ ಭಾವನವರೇ ಓಡಾಡಿ ಮುಗಿಸುತ್ತಿದ್ದರು. ಈ ಸಲ ಅವಳೇ ಕಚೇರಿಯ ಕಿಟಕಿಯೆದುರು ನಿಂತು ಸಹಿ ಮಾಡಿ ಪಡೆಯಬೇಕಂತೆ. ಅದರಲ್ಲಿ ತಾಯಿ ಎಂಬಲ್ಲಿ ನಿನ್ನ ಹೆಸರಿಲ್ಲ, ನನ್ನ ಹೆಸರಿದೆ. "ಆ ಕಿಟಕಿ ಹತ್ರ ಗೊತ್ತಾಗೋದಕ್ಕಿಂತ ನಾವೇ ಕೂರಿಸ್ಕೊಂಡು ಹೇಳೋದು ಮೇಲು" ಎಂದು ಭಾವನವರು ಹೇಳಿದ್ದು ಸರಿಯಾಗಿಯೇ ಇದೆ. ಏಪ್ರಿಲ್ ಮೂರಕ್ಕೆ ಅವಳಿಗೆ ಇಪ್ಪತ್ತೆರಡು ತುಂಬುತ್ತದೆ, ಅವತ್ತೇ ಹೇಳುತ್ತೇವೆ ಎಂದಿದ್ದೀಯ. ಅದೂ ಸರಿ. ಆದರೆ ಆಮೇಲಿನ ಸಾಲಿನಲ್ಲಿ ನೀನು ನನ್ನನ್ನು ಸಿಕ್ಕಿಸಿಬಿಟ್ಟೆ. "ಅವಳು ಕೇಳೋದು ಒಂದೇ ಮಾತು, ಚಿಕ್ಕಮ್ಮ ನನ್ನನ್ನ ಯಾಕೆ ಕೊಟ್ಟಳು ಅಂತ. ಉತ್ತರ ನೀನೇ ಬರೆದು ಕಳಿಸು. ನೀನು ಏನು ಬರೀತೀಯೋ ಅದನ್ನೇ ಹೇಳ್ತೀನಿ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ."

ಅಕ್ಕ, ಮೂವತ್ತು ವರ್ಷದಿಂದ ನಾನು ಬರೆಯುತ್ತಿರುವುದು ಲೇಬಲ್. ನಮ್ಮ ಹಳೆಯ ಮೇಲಧಿಕಾರಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಸಿದ್ದರು. "ಯಾವುದು, ಎಲ್ಲಿ ಸಿಕ್ತು, ಯಾವತ್ತು, ಯಾರು ತಂದರು. ಇಷ್ಟು ಬರಿ. ಯಾಕೆ ಅಂತ ಮಾತ್ರ ಬರೀಬೇಡ, ಅದು ನಮಗೆ ಗೊತ್ತಿರಲ್ಲ." ಆ ಪಾಠವನ್ನು ನಾನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದೇನೆ. ಈಗ ಎರಡೇ ತಿಂಗಳಲ್ಲಿ ಇಬ್ಬರು ನನ್ನಿಂದ 'ಯಾಕೆ' ಬರೆಸಲು ಕೂತಿದ್ದೀರಿ, ಒಬ್ಬಳು ನೀನು, ಇನ್ನೊಬ್ಬರು ನಮ್ಮ ಕೋಷ್ಟಕ ಸಾಹೇಬರು. ಅವರ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನ ಪ್ರಶ್ನೆಗೂ ಅದಕ್ಕೂ ಸಂಬಂಧವಿದೆಯೋ ಇಲ್ಲವೋ ನನಗೇ ತಿಳಿಯುತ್ತಿಲ್ಲ, ತಲೆ ಕಲಸಿದ ಹಿಟ್ಟಿನ ಹಾಗಾಗಿದೆ.

ಸಾಹೇಬರು ಹೊಸಬರು, ಕಳೆದ ವರ್ಷ ಬಂದವರು. ಒಳ್ಳೆಯವರೇ, ಆದರೆ ಯಾವುದನ್ನು ಕಂಡರೂ ಗೆರೆ ಎಳೆದು ಚೌಕ ಮಾಡಬೇಕು. ಟೀ ಯಾರಿಗೆ ಸಕ್ಕರೆ ಸಹಿತ, ಯಾರಿಗೆ ರಹಿತ ಎಂಬುದಕ್ಕೂ ಗೋಡೆಯ ಮೇಲೊಂದು ಕೋಷ್ಟಕವಿದೆ. ಜನವರಿಯಲ್ಲಿ ನನ್ನನ್ನು ಕರೆಸಿ, ಮಕ್ಕಳ ವಿಭಾಗಕ್ಕೆ ದೊಡ್ಡದೊಂದು ಫಲಕ ಬೇಕು, ಒಂದು ಕಡೆ ಹದ್ದು, ಇನ್ನೊಂದು ಕಡೆ ನಿಂಬೆ ಚಿಟ್ಟೆ, ನಡುವೆ ಎಂಟು ಸಾಲಿನ ಹೋಲಿಕೆ ಎಂದರು.

"ಸಾರ್, ಹದ್ದನ್ನ ಗಿಡುಗದ ಜೊತೆ ಹೋಲಿಸೋಣ, ಚಿಟ್ಟೆನ ಪತಂಗದ ಜೊತೆ ಹೋಲಿಸೋಣ. ಇದು ಗರಗಸಕ್ಕೂ ಬಾಚಣಿಗೆಗೂ ಹೋಲಿಕೆ ಮಾಡಿದ ಹಾಗಾಗುತ್ತೆ" ಎಂದೆ.

"ಎರಡಕ್ಕೂ ಹಲ್ಲಿದೆಯಲ್ಲ ಮೇಡಂ" ಎಂದರು. ಗೆರೆ ಎಳೆದ ಹಾಳೆ ಇಸಿದುಕೊಂಡು ಬಂದೆ.

ತೂಕ, ರೆಕ್ಕೆಯ ಅಗಲ, ಆಹಾರ, ಶತ್ರು, ಆಯಸ್ಸು, ಆರನೆಯದು ಮರಿಗಳ ಪಾಲನೆ, ಏಳು ಕಣ್ಣು, ಎಂಟು ಹಾರಾಟ. ಒಂದು ಚೌಕಕ್ಕೆ ಆರೇ ಪದ. ಮೊದಲ ಐದು ಸಾಲು ಒಂದು ಮಧ್ಯಾಹ್ನದಲ್ಲಿ ಮುಗಿದವು. ಆರನೆಯದಕ್ಕೆ ಬಂದು ಕೂತೆ ನೋಡು, ಹನ್ನೆರಡು ದಿನ ಹಿಡಿಯಿತು. ನಿನ್ನ ಪತ್ರ ಬಂದದ್ದೂ ಆ ದಿನಗಳಲ್ಲೇ. ಓದಿ ಮಡಿಚಿ ಕೈಚೀಲದಲ್ಲಿಟ್ಟಿದ್ದೆ, ದಿನಾ ನನ್ನ ಜೊತೆ ಕೆಲಸಕ್ಕೆ ಬರುತ್ತಿತ್ತು, ದಿನಾ ನನ್ನ ಜೊತೆ ಮನೆಗೆ ಹೋಗುತ್ತಿತ್ತು.

ಪುಸ್ತಕ ನೋಡಿ ಬರೆಯಬಹುದಿತ್ತು. ಆದರೆ ಎರಡೂ ಇಲ್ಲೇ ಕಣ್ಣೆದುರಿಗಿದ್ದವು. ಹಿಂದಿನ ಅಂಗಳದ ನೀರಿನ ಗೋಪುರದ ಮೇಲೆ ಹದ್ದಿನ ಗೂಡಿದೆ, ನನ್ನ ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆ. ಕಡ್ಡಿಗಳ ನಡುವೆ ಯಾರದೋ ಕೆಂಪು ಕಾಲುಚೀಲ, ಒಂದು ಹರಿದ ಛತ್ರಿಯ ಬಟ್ಟೆ, ಎಲ್ಲ ಸೇರಿಸಿ ಕಟ್ಟಿಕೊಂಡಿದೆ. ಎರಡು ಮರಿ. ಗಂಡು ಎಲ್ಲಿಂದಲೋ ಏನೋ ಕಚ್ಚಿ ತರುತ್ತದೆ, ಹೆಣ್ಣು ಅದನ್ನು ಚಿಕ್ಕಚಿಕ್ಕದಾಗಿ ಹರಿದು ತುತ್ತು ಮಾಡಿ ಕೊಡುತ್ತದೆ. ಬಿಸಿಲು ಏರಿದರೆ ರೆಕ್ಕೆ ಅಗಲಿಸಿ ನೆರಳಾಗಿ ನಿಲ್ಲುತ್ತದೆ. ನೋಡುತ್ತಾ ನನಗೆ ನಿನ್ನ ನೆನಪಾಗಿ ಕಣ್ಣು ತುಂಬಿತು. ಸುಮ್ಮನೆ ಹೊಗಳುತ್ತಿಲ್ಲ. ದೊಡ್ಡ ಮರಿ ಚಿಕ್ಕದರ ತಲೆಗೆ ಕುಕ್ಕುತ್ತಿದ್ದರೆ ಅದೇ ತಾಯಿ ಬೇರೆ ಕಡೆ ನೋಡುತ್ತಾ ಕೂತದ್ದನ್ನೂ ಕಂಡಿದ್ದೇನೆ. ಆಗ ನಿನ್ನ ನೆನಪಾಗಲಿಲ್ಲ, ಗಾಬರಿಯಾಗಬೇಡ.

ಇನ್ನು ಚಿಟ್ಟೆ. ಕಿಟಕಿಯ ಕಟ್ಟೆಯ ಮೇಲೆ ಕುಂಡದಲ್ಲಿ ನಿಂಬೆ ಗಿಡವಿದೆಯಲ್ಲ, ಅದಕ್ಕೆ ಒಂದು ಹೆಣ್ಣು ಬಂತು. ಕಪ್ಪು ರೆಕ್ಕೆಯ ಮೇಲೆ ಹಳದಿ ಮಚ್ಚೆ. ಎಲೆಯ ಮೇಲೆ ಕೂತು ಮುಂಗಾಲುಗಳಿಂದ ಪಟಪಟ ಬಡಿದು ನೋಡಿತು. ಅವುಗಳಿಗೆ ರುಚಿ ಕಾಲಿನಲ್ಲಿ. ಇದು ನಿಂಬೆಯ ಎಲೆಯೇ ಹೌದೋ, ನನ್ನ ಮರಿ ತಿನ್ನಬಹುದೋ ಎಂದು ನೋಡುವುದು. ಒಂದು ಎಲೆ ಬಿಟ್ಟಿತು, ಇನ್ನೊಂದು ಬಿಟ್ಟಿತು. ಎಣಿಸಿದೆ, ಹನ್ನೊಂದು ಎಲೆ. ಹನ್ನೆರಡನೆಯ ಚಿಗುರಿನ ಅಡಿಯಲ್ಲಿ ಒಂದೇ ಒಂದು ಮೊಟ್ಟೆ ಅಂಟಿಸಿ ಎದ್ದು ಹೋಯಿತು. 'ತಿರುಗಿಯೂ ನೋಡಲಿಲ್ಲ' ಎಂದು ಬರೆಯಲು ಹೊರಟಿದ್ದೆ. ಆಮೇಲೆ ಹೊಳೆಯಿತು, ತಿರುಗಿ ನೋಡುವುದಕ್ಕೆ ಚಿಟ್ಟೆಗೆ ಅಂಥ ಕುತ್ತಿಗೆಯೇ ಇಲ್ಲ.

ಇದನ್ನು ಆರು ಪದದಲ್ಲಿ ಏನೆಂದು ಬರೆಯಲಿ? ಪಾಲನೆ ಇಲ್ಲ ಎನ್ನಲೇ? ಹನ್ನೊಂದು ಎಲೆ ತಿರಸ್ಕರಿಸಿದ್ದು ಪಾಲನೆಯಲ್ಲವೇ? ಇದೆ ಎನ್ನಲೇ? ಆ ಮೊಟ್ಟೆ ಒಡೆದು ಹುಳು ಹೊರಬಂದಾಗ ಅದಕ್ಕೆ ಯಾರಿದ್ದರು? ಬರೆಯುವುದು, ಹೊಡೆದುಹಾಕುವುದು. ಕೊನೆಗೆ ಸಾಹೇಬರು ಬಾಗಿಲಲ್ಲಿ ನಿಂತು, "ಮೇಡಂ, ಒಂದು ಚೌಕ ತುಂಬೋಕೆ ಒಂದು ಋತು ಬೇಕಾ?" ಎಂದಾಗ ಏನೋ ಬರೆದು ಕೊಟ್ಟೆ. ಅಚ್ಚಿನ ಮೊದಲ ಪ್ರತಿ ಎರಡು ಸಲ ನನ್ನ ಮೇಜಿಗೆ ಬಂತು. ಎರಡು ಸಲವೂ ಓದಿದೆ, ಎರಡು ಸಲವೂ ಸಹಿ ಹಾಕಿದೆ.

ಫಲಕ ಹನ್ನೊಂದು ದಿನ ನಿಂತಿತ್ತು. ಹನ್ನೆರಡನೆಯ ದಿನ ಒಬ್ಬ ಶಾಲಾ ಶಿಕ್ಷಕಿ ತಮ್ಮ ಮಕ್ಕಳು ಬರೆದ ಚಿತ್ರಗಳ ಕಟ್ಟು ಹಿಡಿದು ಬಂದರು. ಮೇಜಿನ ಮೇಲೆ ಒಂದೊಂದಾಗಿ ಹರಡಿದರು. ಎಲ್ಲದರಲ್ಲೂ ಒಂದು ಚಿಟ್ಟೆ ಇಲಿಯನ್ನು ಕಚ್ಚಿಕೊಂಡು ಗೂಡಿಗೆ ಹಾರುತ್ತಿದೆ! ಒಂದರಲ್ಲಂತೂ ಚಿಟ್ಟೆಮರಿಗಳು ಬಾಯಿ ತೆರೆದು ಸಾಲಾಗಿ ಕೂತಿವೆ, ಕೊರಳಿಗೆ ಊಟದ ಬಟ್ಟೆ ಬೇರೆ. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಹೋಗಿ ಫಲಕ ನೋಡಿದೆ. ಆರನೆಯ ಸಾಲಿನಲ್ಲಿ ಹದ್ದಿನ ಕೆಳಗೆ 'ಮೊಟ್ಟೆಯಿಟ್ಟು ಹೋಗುತ್ತದೆ, ಮರಿಯನ್ನು ನೋಡುವುದೇ ಇಲ್ಲ' ಎಂದಿತ್ತು. ನಿಂಬೆ ಚಿಟ್ಟೆಯ ಕೆಳಗೆ 'ಸುಮಾರು ಐವತ್ತು ದಿನ ತುತ್ತು ತಿನ್ನಿಸುತ್ತದೆ' ಎಂದಿತ್ತು. ಉಳಿದ ಏಳು ಸಾಲೂ ಸರಿ. ಅದೊಂದೇ ಅದಲುಬದಲು. ಕೈಬರಹದ ಪ್ರತಿ ತೆಗೆಸಿದರು, ಅದರಲ್ಲೂ ಹಾಗೇ ಇತ್ತು, ಅಕ್ಷರ ನನ್ನದೇ. ಮೂವತ್ತು ವರ್ಷದಲ್ಲಿ ಒಂದು ಜೀರುಂಡೆಯ ಕಾಲನ್ನೂ ತಪ್ಪಿ ಬರೆದವಳಲ್ಲ ನಾನು.

ಫಲಕ ಇಳಿಸಿದರು. ಸಾಹೇಬರು ಮೆಮೊ ಕೊಟ್ಟಿದ್ದಾರೆ. ಹೀಗೆ ಏಕಾಯಿತು ಎಂಬುದಕ್ಕೆ ಶುಕ್ರವಾರದೊಳಗೆ ಲಿಖಿತ ವಿವರಣೆ ಬೇಕಂತೆ. ಕೊಡುವಾಗ ಅವರಿಗೇ ಸಂಕೋಚ. "ನೀವು ಹೀಗೆ ಮಾಡ್ತೀರಿ ಅಂತ ನಾನು ಯಾವ ಕೋಷ್ಟಕದಲ್ಲೂ ಹಾಕಿರಲಿಲ್ಲ ಮೇಡಂ" ಎಂದರು ಪಾಪ.

ಇದನ್ನೆಲ್ಲ ಹತ್ತಿ ತಾತನ ಹತ್ತಿರ ಹೇಳಿಕೊಂಡೆ. ನಿನಗೆ ಗೊತ್ತಲ್ಲ, ಸತ್ತ ಹಕ್ಕಿಗಳಿಗೆ ಹತ್ತಿ ತುಂಬಿ ಕೂರಿಸುವ ನಮ್ಮ ಮುದುಕ. ಒಂದು ಗೂಬೆಗೆ ಗಾಜಿನ ಕಣ್ಣು ಜೋಡಿಸುತ್ತಾ ಕೂತಿದ್ದ. ನಿನ್ನ ಪತ್ರದ ವಿಷಯ ಹೇಳಲಿಲ್ಲ. ಸುಮ್ಮನೆ ಕೇಳುವವಳ ಹಾಗೆ, "ತಾತ, ಮರೀನ ಬಿಟ್ಟು ಹೋಗುತ್ತಲ್ಲ ಚಿಟ್ಟೆ, ಅದು ಕೆಟ್ಟ ತಾಯಿನಾ?" ಎಂದೆ.

"ಕೆಟ್ಟದ್ದೇನು ಬಂತು? ಅದಕ್ಕೆ ಇರೋದೇ ಎರಡು ವಾರ ಆಯಸ್ಸು. ಮರಿ ನೋಡೋಕೆ ಅದೇ ಇರಲ್ಲ."

"ಇದ್ದಿದ್ರೆ ನೋಡ್ತಿತ್ತಾ?"

ತಾತ ಗೂಬೆಯನ್ನು ತಿರುಗಿಸಿ ಕಣ್ಣು ಸಮನಾಗಿದೆಯೇ ನೋಡಿದ. "ಅದನ್ನ ಹೇಗಮ್ಮ ಹೇಳೋದು? ಬದುಕಿ ಉಳಿದ ಚಿಟ್ಟೆ ಯಾವುದಾದ್ರೂ ಇದ್ರೆ ಅದನ್ನೇ ಕೇಳ್ಬೇಕು" ಎಂದ. ಚಿಮುಟ ಕೆಳಗಿಟ್ಟು ನನ್ನ ಮುಖ ನೋಡಿ, "ಯಾಕೆ, ಟೀ ಕುಡಿದಿಲ್ವಾ ಇವತ್ತು?" ಎಂದ.

ಮನೆಯಲ್ಲಿ ಎಲ್ಲರೂ ನನ್ನನ್ನು ಹೊಗಳುವಾಗ ನಾನು ತಲೆ ತಗ್ಗಿಸಿ ಕೂರುತ್ತಿದ್ದೆನಲ್ಲ, ಅದು ವಿನಯವಲ್ಲ ಅಕ್ಕ. ನಿನಗೆ ಮದುವೆಯಾಗಿ ಹನ್ನೊಂದು ವರ್ಷ ಮಕ್ಕಳಿರಲಿಲ್ಲ. ನನ್ನ ಮಗುವಿನ ಅಪ್ಪ ಹಡಗಿನ ಕೆಲಸಕ್ಕೆ ಹೋದವನು ಮೂರು ಪತ್ರ ಹಾಕಿ ನಾಲ್ಕನೆಯದು ಮರೆತ. ಸಾಸಿವೆ ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳು, ಹೆಸರಿಡುವ ಮೊದಲೇ ನೀನು ಸಾಸಿವೆ ಎಂದು ಕರೆದೆ. ಅವಳಿಗೆ ನಲವತ್ತು ದಿನವಾಗಿದ್ದಾಗ ವಸ್ತುಸಂಗ್ರಹಾಲಯದ ತಂಡ ಹನ್ನೊಂದು ತಿಂಗಳ ಕಾಡು ಸುತ್ತಾಟಕ್ಕೆ ಹೊರಟಿತು, ಲೇಬಲ್ ಬರೆಯಲು ನನ್ನನ್ನು ಕರೆಯಿತು. ನಿನ್ನ ಮಡಿಲಿಗೆ ಹಾಕಿ ಹೋದೆ, ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಬಂದಾಗ ಮಗು ನನ್ನನ್ನು ಕಂಡು ಕಿರುಚಿ ನಿನ್ನ ಕುತ್ತಿಗೆಗೆ ಜೋತುಬಿತ್ತು. 'ಮಗುವಿನ ಮನಸ್ಸು ನೋಯಿಸಬಾರದು ಅಂತ ಕರುಳು ಕಿತ್ತು ಕೊಟ್ಟು ಹೋದಳು' ಎಂದು ಅತ್ತೆಯಂದಿರೆಲ್ಲ ಕಣ್ಣೊರೆಸಿಕೊಂಡರು. ಈ ಕಥೆಯನ್ನು ಅವರು ಸಾಸಿವೆಯ ಕಿವಿ ತಪ್ಪಿಸಿ ಹೇಳುತ್ತಾ ಹೇಳುತ್ತಾ ನನ್ನನ್ನು ಗೋಡೆಗೆ ತೂಗುಹಾಕುವ ಪಟವನ್ನೇ ಮಾಡಿಬಿಟ್ಟಿದ್ದಾರೆ.

ನೀನೂ ಈ ಸಲದ ಪತ್ರದಲ್ಲಿ ಬರೆದಿದ್ದೀಯ. "ಅವತ್ತು ಅವಳು ನಿನ್ನನ್ನ ಕಂಡು ಅತ್ತಿದ್ದು ನನ್ನ ತಪ್ಪು. ಆ ಹನ್ನೊಂದು ತಿಂಗಳು ದಿನಾ ನಿನ್ನ ಫೋಟೋ ತೋರಿಸಬೇಕಿತ್ತು. ಬೇಕಂತಲೇ ತೋರಿಸಲಿಲ್ಲವೇನೋ ನಾನು. ನಿನ್ನಿಂದ ಕಿತ್ತುಕೊಂಡೆ ಅನ್ನೋ ಅಳುಕು ಇನ್ನೂ ಹೋಗಿಲ್ಲ ಕಣೇ." ಈ ನಾಲ್ಕು ಸಾಲನ್ನು ಎಷ್ಟು ಸಲ ಓದಿದ್ದೇನೆಂದರೆ ಮಡಿಕೆಯಲ್ಲಿ ಕಾಗದ ಹರಿದಿದೆ.

ಕಳೆದ ರಜೆಯಲ್ಲಿ ಸಾಸಿವೆ ಇಲ್ಲಿಗೆ ಬಂದಿದ್ದಳಲ್ಲ, ಇದೇ ಮೇಜಿನ ಆ ಬದಿಯಲ್ಲಿ ಕೂತು ಹಕ್ಕಿಗಳ ಕಾಲಿಗೆ ದಾರದಿಂದ ಚೀಟಿ ಕಟ್ಟಿಕೊಡುತ್ತಿದ್ದಳು. ಯೋಚನೆ ಮಾಡುವಾಗ ಪೆನ್ಸಿಲ್ಲಿನ ಹಿಂಬದಿ ಕಚ್ಚುತ್ತಾಳೆ. ಈ ಕೋಣೆಯಲ್ಲಿ ಕಚ್ಚದ ಪೆನ್ಸಿಲ್ಲೇ ಇಲ್ಲ, ಯಾವುದು ಅವಳು ಕಚ್ಚಿದ್ದು, ಯಾವುದು ನಾನು ಕಚ್ಚಿದ್ದು ಎಂದು ಈಗ ಹೇಳಲಾರೆ. ಇದ್ದಕ್ಕಿದ್ದ ಹಾಗೆ, "ಚಿಕ್ಕಮ್ಮ, ನಿಂಗೆ ಮಕ್ಕಳು ಬೇಕು ಅಂತ ಯಾವತ್ತೂ ಅನ್ನಿಸಲೇ ಇಲ್ವಾ?" ಎಂದಳು. "ಆ ಕತ್ತರಿ ಕೊಡು" ಎಂದೆ. ಕೊಟ್ಟಳು. ಮತ್ತೆ ಕೇಳಲಿಲ್ಲ. ಏಪ್ರಿಲ್ ಮೂರಾದ ಮೇಲೆ ಅವಳು ಈ ಮೇಜಿಗೆ ಬಂದು ಕೂರದಿದ್ದರೆ ಏನು ಮಾಡಲಿ? ನನಗಿರುವ ಭಯ ಅದೊಂದೇ. ತಾಯಿ ಎನ್ನಿಸಿಕೊಳ್ಳುವ ಆಸೆ ನನಗಿಲ್ಲ, ಅದು ನಿನ್ನದು. ಚಿಕ್ಕಮ್ಮನಾಗಿಯಾದರೂ ಉಳಿಯಬೇಕು.

ಅದಕ್ಕೇ ಅಳೆದು ಸುರಿದು ಉತ್ತರ ಬರೆಯಲು ನೋಡಿದೆ. ಅಭ್ಯಾಸಬಲ, ಚಿಕ್ಕ ಚೀಟಿಗಳಲ್ಲೇ ಬರೆದೆ. 'ಚಿಕ್ಕಮ್ಮನಿಗೆ ಹುಷಾರಿರಲಿಲ್ಲ' ಎಂದು ಒಂದು. ಸುಳ್ಳು, ಹರಿದೆ. 'ನನಗೆ ಮಕ್ಕಳಿರಲಿಲ್ಲ, ಅದಕ್ಕೇ ಕೊಟ್ಟಳು' ಎಂದು ನೀನು ಹೇಳುವ ಹಾಗೆ ಇನ್ನೊಂದು. ಮಕ್ಕಳಿರಲಿಲ್ಲ ಎಂಬುದು ನಿಜ, ಅದಕ್ಕೇ ಎಂಬುದು ನಿಜವಲ್ಲ. ಕಾಡಿಗೆ ಹೊರಟಾಗ ನನಗೆ ನಿನ್ನ ನೋವು ತಲೆಯಲ್ಲೇ ಇರಲಿಲ್ಲ, ಬೂಟು ಮತ್ತು ಟಾರ್ಚು ಇತ್ತು. 'ಮಗು ನನ್ನನ್ನು ಒಪ್ಪಲಿಲ್ಲ' ಎಂದು ಮೂರನೆಯದು. ಅದೊಂದು ಚೀಟಿ ಉಳಿದಿದೆ, ಈ ಪತ್ರದ ಜೊತೆ ಇಟ್ಟಿದ್ದೇನೆ. ಇಪ್ಪತ್ತೊಂದು ವರ್ಷದಿಂದ ಎಲ್ಲರೂ ನಂಬಿರುವುದು ಅದನ್ನೇ, ಅವಳೂ ನಂಬಬಹುದು. ಬೇಕಾದರೆ ಅದನ್ನೇ ಹೇಳು.

ಸಾಹೇಬರಿಗೆ ಬರೆಯಬೇಕಾದದ್ದು ಸುಲಭವಾಯಿತು. 'ಕಣ್ತಪ್ಪಿನಿಂದ ಆದದ್ದು, ವಿಷಾದಿಸುತ್ತೇನೆ' ಎಂದು ಈಗಷ್ಟೇ ಬರೆದು ಲಕೋಟೆಗೆ ಹಾಕಿದೆ. ಕಣ್ತಪ್ಪು ಎಂದರೆ ಅವರು ಒಪ್ಪುತ್ತಾರೆ. ಹೊಸ ಫಲಕದಲ್ಲಿ ಆರನೆಯ ಸಾಲನ್ನು ಹತ್ತಿ ತಾತನ ಕೈಲಿ ಹೇಳಿಸಿ ಬರೆಸಿದರಂತೆ.

ಭಾವನವರಿಗೆ ನಮಸ್ಕಾರ. ಅವರಿಗೆ ತಾರಸಿ ಬೇಡ. ನಿನ್ನ ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ. ಸಾಸಿವೆಗೆ ನನ್ನ ಆಶೀರ್ವಾದ. ಎಲ್ಲಿ ಓದಿದರೂ, ಯಾರನ್ನು ಏನೆಂದು ಕರೆದರೂ ಅವಳು ಚೆನ್ನಾಗಿರಲಿ, ಹೊಟ್ಟೆ ತುಂಬ ನಗುತ್ತಿರಲಿ. ನೀನು ದೊಡ್ಡವಳು, ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ, ಮುಂದಿನದನ್ನು ಓದಿದ ಮೇಲೂ.

ಇಂತಿ,
ನಿನ್ನ ಪ್ರೀತಿಯ ತಂಗಿ

ಮರೆತದ್ದು:

ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮರೆತದ್ದು ಎಂದು ಬರೆದೆ, ಮರೆತಿರಲಿಲ್ಲ. ಆ ಮೂರನೆಯ ಚೀಟಿಯನ್ನು ಹರಿದುಹಾಕು.

ಅವತ್ತು ನಾನು ಬಂದಾಗ ನೀನು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಅವಳು ಕುರ್ಚಿಯ ಕಾಲು ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು, ನನ್ನ ಚೀಲವನ್ನು ನೋಡಿದಳು. ನಾಲ್ಕು ಹೆಜ್ಜೆ ಬಂದು ದೊಪ್ಪನೆ ಕೂತು ಎರಡೂ ಕೈ ಮೇಲೆತ್ತಿದಳು. ಯಾರು ಬಂದರೂ ಹಾಗೆ ಎತ್ತುತ್ತಿದ್ದಳೇನೋ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಎತ್ತಿಕೊಂಡೆ. ನನ್ನ ಹೆಗಲಿಗೆ ಮೂಗು ಉಜ್ಜಿ ಕೆನ್ನೆ ಇಟ್ಟು ಸುಮ್ಮನಾದಳು. ಅವಳನ್ನು ಕರೆದುಕೊಂಡು ಹೋಗಲೆಂದೇ ಬಂದಿದ್ದೆ ಅಕ್ಕ, ನಾಲ್ಕು ಗಂಟೆಯ ಬಸ್ಸಿತ್ತು, ಚೀಲದಲ್ಲಿ ಅವಳ ಬಟ್ಟೆಗೆಂದು ಜಾಗ ಬಿಟ್ಟುಕೊಂಡಿದ್ದೆ. ಬರಲೊಲ್ಲೆ ಎಂದರೆ ಏನು ಗತಿ ಎಂದು ದಾರಿಯುದ್ದಕ್ಕೂ ಹೆದರಿದ್ದೆ. ಅವಳು ಬಂದೇಬಿಟ್ಟಾಗ ಅದಕ್ಕಿಂತ ಹೆಚ್ಚು ಹೆದರಿದೆ. ಯಾಕೆ ಎಂದು ನಿಜವಾಗಿ ನನಗೆ ಗೊತ್ತಿಲ್ಲ. ಅವಳು ಎಷ್ಟು ಕೇಳಿದರೂ ಇಷ್ಟೇ ಹೇಳಬಲ್ಲೆ. ಮೆಟ್ಟಿಲ ಮೇಲೆ ನಿನ್ನ ಹೆಜ್ಜೆ ಕೇಳಿಸಿತು, ಅವಳನ್ನು ನೆಲದ ಮೇಲೆ ಬಿಟ್ಟೆ. ಅವಳು ಕಿರುಚಿದ್ದು ಕೇಳಿ ಒದ್ದೆ ಕೈಯಲ್ಲೇ ನೀನು ಓಡಿಬಂದೆ. "ನನ್ನ ನೋಡಿ ಹೆದರಿಬಿಟ್ಲು ಅಕ್ಕ" ಎಂದೆ, ನೀನು ನಂಬಿದೆ.

ನೀನು ಯಾರಿಂದಲೂ ಏನನ್ನೂ ಕಿತ್ತುಕೊಂಡಿಲ್ಲ. ಅವಳು ಅತ್ತದ್ದು ನನ್ನನ್ನು ನೋಡಿ ಅಲ್ಲ, ನಾನು ಕೆಳಗಿಳಿಸಿದ್ದಕ್ಕೆ.